ಆನೆ ಬಂದದ್ದು ಯಾರ ಮನೆಗೆ?

(ಹಾಸನದಲ್ಲಿ ಅಕ್ಕಿ ಗಿರಣಿ ಮತ್ತು ಕಾಫಿ ಕ್ಯೂರಿಂಗ್ ಕೆಲಸಗಾರರೂ ಸಂತೆ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)

ಈ ದಿನದ ಸಭೆಯಲ್ಲಿ ಕೂಲಿ, ಬೋನಸ್ಸು, ಸಂತೆ ಸುಂಕ ಮೊದಲಾದ ದಿನನಿತ್ಯದ ವಿಷಯಗಳನ್ನು ಬಿಟ್ಟು ಕಾಡಾನೆಯ ವಿಷಯವನ್ನೇಕೆ ಎತ್ತಿಕೊಂಡಿರಿ ಎಂದು ಒಬ್ಬಿಬ್ಬರು ಕೇಳಿದ್ದಾರೆ. ಆನೆ ಗಿರಣಿಯೊಳಕ್ಕೆ ಬರುವುದಿಲ್ಲ, ಪೇಟೆ ಬೀದಿಗೂ ಬರುವುದಿಲ್ಲ, ಅದು ಅರಣ್ಯ ಇಲಾಖೆಯವರ ಪಾಡು ಎಂಬುದು ಅವರ ಎಣಿಕೆ. ನಾವು ಹಾಗೆ ತಿಳಿದಿಲ್ಲ. ಇಲ್ಲಿ ಕುಳಿತಿರುವ ಅನೇಕರ ತಂದೆತಾಯಿಗಳು ಇಂದಿಗೂ ಆಲೂರು, ಸಕಲೇಶಪುರ, ಬೇಲೂರು, ಅರಕಲಗೂಡು ಕಡೆಯ ಹಳ್ಳಿಗಳಲ್ಲಿದ್ದಾರೆ. ಕ್ಯೂರಿಂಗ್ ಕಾರ್ಖಾನೆಯಲ್ಲಿ ನಮ್ಮ ಅಕ್ಕತಂಗಿಯರು ಆರಿಸುವ ಕಾಫಿ ಬೀಜವನ್ನು, ಬೆಳಗಿನ ಮಂಜಿನಲ್ಲಿ ಜೀವ ಕೈಯಲ್ಲಿ ಹಿಡಿದುಕೊಂಡು ತೋಟಕ್ಕೆ ಹೋದ ಇನ್ನಾರೋ ಅಕ್ಕತಂಗಿಯರು ಕೊಯ್ದಿರುತ್ತಾರೆ. ಗಿರಣಿಗೆ ಬರುವ ಭತ್ತದಲ್ಲಿ ಆನೆ ತುಳಿದು ಉಳಿದದ್ದೂ ಇದೆ. "ಬೆಳೆ ಬಂದ ಮೇಲೆ ಕೊಡುತ್ತೇನಣ್ಣ" ಎಂದು ಹೇಳಿ ಹೋದ ರೈತನ ಹೆಸರು ಅಂಗಡಿಯ ಉದ್ರಿ ಪುಸ್ತಕದಲ್ಲಿ ಹಾಗೆಯೇ ಉಳಿದಿರುವುದಕ್ಕೂ ಎಷ್ಟೋ ಸಲ ಆನೆಯೇ ಕಾರಣ. ಆದುದರಿಂದ ಇದು ನಮ್ಮ ವಿಷಯವೇ.

ಇಂದು ಎರಡು ಪ್ರಶ್ನೆಗಳನ್ನು ವಿಚಾರ ಮಾಡೋಣ. ಕಾಡಿನ ಪ್ರಾಣಿಗೂ ಮನುಷ್ಯನಿಗೂ ಈ ಜಗಳ ಏಕೆ ಹತ್ತಿಕೊಂಡಿತು? ಅದನ್ನು ತಗ್ಗಿಸುವ ದಾರಿ ಯಾವುದು?

ಎರಡು ಸುಲಭದ ಉತ್ತರಗಳು

ಒಂದು ಸಾವು ಆದ ಕೂಡಲೆ ಎರಡು ಮಾತು ಕೇಳಿಬರುತ್ತವೆ. ಹಳ್ಳಿಯ ಕಡೆಯ ಮಾತು ಇದು: "ಹಿಡಿದು ಸಾಗಿಸಿ; ಇಲ್ಲವಾದರೆ ಗುಂಡು ಹಾಕಿ." ಹೆಣದ ಮುಂದೆ ಕುಳಿತವರು ಹೀಗೆ ಹೇಳಿದರೆ ನಾವು ತಪ್ಪೆನ್ನಲಾರೆವು. ಎರಡನೆಯದು ದೂರದ ಪಟ್ಟಣದ ಮಾತು: "ಕಾಡು ಆನೆಯ ಮನೆ, ಮನುಷ್ಯನೇ ಅದರ ಮನೆಗೆ ನುಗ್ಗಿದ." ಇದು ಕೇಳುವುದಕ್ಕೆ ನ್ಯಾಯವಾಗಿ ಕಾಣುತ್ತದೆ. ಆದರೆ ಯಾವ ಮನುಷ್ಯ ನುಗ್ಗಿದನೆಂದು ಈ ಮಾತಾಡುವವರು ಕೇಳುವುದಿಲ್ಲ. ಲೈನ್ ಮನೆಯಲ್ಲಿರುವ ಕೂಲಿಯಾಳು ಕಾಡು ಕಡಿಸಿದನೆ? ಎರಡೆಕರೆ ಗದ್ದೆಯ ಒಕ್ಕಲಿಗ ಅಣೆಕಟ್ಟು ಕಟ್ಟಿಸಿದನೆ?

ಮೊದಲನೆಯ ಉತ್ತರವನ್ನು ನಮ್ಮ ಜಿಲ್ಲೆಯಲ್ಲೇ ಪರೀಕ್ಷೆ ಮಾಡಿ ಆಗಿದೆ. ರಾಜ್ಯದ ಹೈಕೋರ್ಟು ನೇಮಿಸಿದ ಆನೆ ಕಾರ್ಯಪಡೆಯು, ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ಅಧ್ಯಕ್ಷತೆಯಲ್ಲಿ, 2012ರಲ್ಲಿ ವರದಿ ಕೊಟ್ಟಿತು. ಆನೆಗೇ ಮೀಸಲಾದ ನೆಲ, ಆನೆ ಮನುಷ್ಯ ಇಬ್ಬರೂ ಹೊಂದಿಕೊಂಡಿರಬೇಕಾದ ನೆಲ, ಆನೆಯನ್ನು ತೆಗೆಯಲೇಬೇಕಾದ ನೆಲ ಎಂದು ಅದು ಮೂರು ಭಾಗ ಮಾಡಿತು. ಆ ಬಳಿಕ 2014ರಲ್ಲಿ ಆಲೂರು–ಸಕಲೇಶಪುರ ಸೀಮೆಯಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಕಾಟ ಮುಗಿಯಿತೆಂದು ಜನ ನಿಟ್ಟುಸಿರು ಬಿಟ್ಟರು. ಮುಗಿಯಿತೆ? ಕೊಡಗಿನ ಕಡೆಯ ಕಾಡಿಗೂ ನಮ್ಮ ತೋಟಗಳಿಗೂ ನಡುವೆ ಗೋಡೆಯೇನೂ ಇಲ್ಲ. ತೆರವಾದ ನೆಲದಲ್ಲಿ ಮೇವಿದೆ, ನೀರಿದೆ. ಬೇರೆ ಆನೆಗಳು ಬಂದು ನಿಂತವು. ಇಂದು ಬೀಟಮ್ಮ, ಭುವನೇಶ್ವರಿ ಎಂದು ಹಿಂಡುಗಳಿಗೂ, ಭೀಮ, ಕರಡಿ ಎಂದು ಸಲಗಗಳಿಗೂ ಹೆಸರಿಟ್ಟು ಕರೆಯುವಷ್ಟು ಅವು ಊರಿನವೇ ಆಗಿಬಿಟ್ಟಿವೆ.

ಹಿಡಿಯುವ ಕೆಲಸವೂ ಸುಲಭವಲ್ಲ. 2023ರ ಆಗಸ್ಟಿನ ಕೊನೆಯಲ್ಲಿ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಸಲಗಕ್ಕೆ ಚಿಕಿತ್ಸೆ ಮಾಡಲೆಂದು ಅರಿವಳಿಕೆಯ ಸೂಜಿ ಹೊಡೆಯಹೋದ ನೌಕರರೊಬ್ಬರು ಅದೇ ಆನೆಯ ಕಾಲಿಗೆ ಸಿಕ್ಕಿ ಪ್ರಾಣ ಬಿಟ್ಟರು. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಭಾಗದಲ್ಲಿ, ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಅರ್ಜುನ, ಕಾಡುಸಲಗದೊಡನೆ ಕಾದಾಡಿ ಸತ್ತಿತು. ಮನುಷ್ಯನ ಪ್ರಾಣ ತೆಗೆಯುವುದನ್ನೇ ರೂಢಿ ಮಾಡಿಕೊಂಡ ಒಂದು ಸಲಗವನ್ನು ಹಿಡಿಯಲೇಬೇಕಾದ ಸಂದರ್ಭ ಬರುತ್ತದೆ. 1972ರ ವನ್ಯಜೀವಿ ಕಾಯಿದೆಯಲ್ಲೂ ಅದಕ್ಕೆ ಅವಕಾಶವಿದೆ. ಆದರೆ ಅದು ಕೊನೆಯ ಮದ್ದು. ಬರುವ ಕಾರಣವನ್ನು ಹಾಗೆಯೇ ಬಿಟ್ಟು ಬಂದದ್ದನ್ನು ಮಾತ್ರ ಓಡಿಸುವುದು, ಸೋರುವ ಮಾಡನ್ನು ಬಿಟ್ಟು ನೆಲ ಒರೆಸಿದಂತೆ.

ಜಗಳ ಬಂದ ಬಗೆ

ಹಾಗಾದರೆ ಕಾರಣವೇನು? ಆನೆಗಳು ಸಿಕ್ಕಾಪಟ್ಟೆ ಹೆಚ್ಚಿದವು ಎಂದು ಹಲವರು ಹೇಳುತ್ತಾರೆ. ಅಂಕಿಗಳನ್ನು ನೋಡೋಣ. 2017ರ ಗಣತಿಯಲ್ಲಿ ಕರ್ನಾಟಕದ ಆನೆಗಳು 6,049; 2023ರಲ್ಲಿ 6,395. ಹೆಚ್ಚಿರುವುದು ನಿಜ, ಆರು ವರ್ಷಗಳಲ್ಲಿ ನೂರಕ್ಕೆ ಆರರಷ್ಟೂ ಅಲ್ಲ. ಜಗಳ ಬೆಳೆದ ವೇಗಕ್ಕೆ ಈ ಲೆಕ್ಕ ಸಾಲದು. ಆನೆಯ ತಲೆ ಎಣಿಸಿದ ಮೇಲೆ ಆನೆ ನಡೆಯುವ ನೆಲವನ್ನೂ ಅಳೆಯಬೇಕು.

ಬೆಳೆದ ಆನೆಗೆ ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಕು, ನೂರು ಲೀಟರಿಗೂ ಮೀರಿ ನೀರು ಬೇಕು. ಒಂದೇ ಕಡೆ ನಿಂತರೆ ಯಾವ ಕಾಡೂ ಅದನ್ನು ಸಾಕಲಾರದು. ಆದುದರಿಂದಲೇ ಆನೆ ನಡೆಯುವ ಪ್ರಾಣಿ. ಯಾವ ತಿಂಗಳಲ್ಲಿ ಎಲ್ಲಿ ಹುಲ್ಲು, ಯಾವ ಬೇಸಗೆಯಲ್ಲಿ ಎಲ್ಲಿ ನೀರು ಎಂಬುದು ಹಿಂಡಿನ ಹಿರಿಯ ಹೆಣ್ಣಾನೆಗೆ ನೆನಪಿರುತ್ತದೆ. ಆ ದಾರಿಯನ್ನೇ ಮಕ್ಕಳು ಮೊಮ್ಮಕ್ಕಳು ಕಲಿಯುತ್ತವೆ. ಈ ದಾರಿಗಳ ಮೇಲೆ ನೂರೈವತ್ತು ವರ್ಷಗಳಲ್ಲಿ ಏನೇನು ಬಂದವು?

ಮೊದಲು ಬಂದದ್ದು ಕಾಫಿ ತೋಟ. ಆಮೇಲೆ ಅಣೆಕಟ್ಟು. ಮೈಸೂರು ಸೀಮೆಯಲ್ಲಿ ಕಬಿನಿ ಜಲಾಶಯವು 1974ರಲ್ಲಿ ಕಾಡಿನ ಕಣಿವೆಯನ್ನೇ ನುಂಗಿತು. ನಮ್ಮ ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿಯಿತು. ಹಳ್ಳಿಗಳು ಮುಳುಗಿದವು, ಮುಳುಗಡೆಯವರಿಗೆ ಬೇರೆಡೆ ಜಮೀನು ಬೇಕಾಯಿತು. ಅದೇ ವರ್ಷ ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಾಟಿ ಇಳಿಯುವ ರೈಲು ದಾರಿ ತೆರೆಯಿತು. ಬಳಿಕ ಸಣ್ಣ ಜಲವಿದ್ಯುತ್ ಘಟಕಗಳು ಬಂದವು, ಹೆದ್ದಾರಿ ಅಗಲವಾಯಿತು, ಬೆಟ್ಟದ ನೆತ್ತಿಗಳಲ್ಲಿ ರೆಸಾರ್ಟುಗಳು ಎದ್ದವು. ಎತ್ತಿನಹೊಳೆಯ ನೀರನ್ನು ಪೂರ್ವದ ಜಿಲ್ಲೆಗಳಿಗೆ ಒಯ್ಯಲು ಸಕಲೇಶಪುರದ ಪಶ್ಚಿಮದ ಕಾಡು ಕಣಿವೆಗಳಲ್ಲಿ ವರ್ಷಗಟ್ಟಲೆ ಅಗೆತ ನಡೆದು, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಉದ್ಘಾಟನೆಯಾಯಿತು. ಕಾಲುವೆ ಬೇಡ, ರೈಲು ಬೇಡ ಎಂದು ನಾವು ಹೇಳುತ್ತಿಲ್ಲ. ಒಂದೊಂದು ಕೆಲಸಕ್ಕೂ ಅದರದೇ ಸಮರ್ಥನೆ ಇದ್ದೀತು. ಆದರೆ ಎಲ್ಲವನ್ನೂ ಒಟ್ಟು ಕೂಡಿಸಿ, ಇದಾದ ಮೇಲೆ ಆನೆ ಎಲ್ಲಿ ನಡೆಯಬೇಕು, ಅದು ದಾರಿ ತಪ್ಪಿದರೆ ಯಾರ ಹೊಲದಲ್ಲಿ ನಡೆಯುತ್ತದೆ ಎಂದು ಲೆಕ್ಕ ಹಾಕಿದವರಿಲ್ಲ.

ಕಾಡು ಉಳಿದ ಕಡೆಗಳಲ್ಲೂ ಕಾಡು ಹಿಂದಿನಂತಿಲ್ಲ. ಬ್ರಿಟಿಷರ ಕಾಲದಲ್ಲಿ ಅಂಗಳದ ಅಲಂಕಾರಕ್ಕೆಂದು ಹೊರದೇಶದಿಂದ ತಂದ ಲಂಟಾನ ಗಿಡ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದಲ್ಲಿ ಮರಗಳ ಕೆಳಗೆಲ್ಲ ಹಬ್ಬಿದೆ. ಅದರ ಕೆಳಗೆ ಹುಲ್ಲು ಏಳುವುದಿಲ್ಲ. ತರಗಿಗೆ ಹದವಾಗಿ ಬೆಂಕಿ ಕೊಡುವ ಹಳೆಯ ಪದ್ಧತಿ ನಿಂತ ಮೇಲೆ ಲಂಟಾನ ಹೆಚ್ಚಿತೆಂದು ಬಿಳಿಗಿರಿಯ ಸೋಲಿಗ ಹಿರಿಯರು ಹೇಳುತ್ತಾರೆ. ಕಾಡನ್ನು ಬಲ್ಲ ಅವರನ್ನು ಬಹುಕಾಲ ಯಾರೂ ಕೇಳಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಅವರ ಸಮುದಾಯ ಹಕ್ಕಿಗೆ ಅಲ್ಲಿ ಮನ್ನಣೆ ಸಿಕ್ಕಿದ್ದು 2011ರಲ್ಲಿ.

ಇತ್ತ ಕಾಡಿನ ಅಂಚಿನಲ್ಲಿ ಏನಿದೆ? ತೆನೆ ಕಟ್ಟಿದ ರಾಗಿ, ಹಾಲು ತುಂಬಿದ ಭತ್ತ, ಬಾಳೆ, ಹಲಸು. ಕಾಡಿನ ಒಣ ಹುಲ್ಲಿಗಿಂತ ಬೆಳೆಯಲ್ಲಿ ಸತ್ತ್ವ ಹೆಚ್ಚೆಂಬುದನ್ನು ಸುಕುಮಾರ್ ಅವರು 1980ರ ದಶಕದಲ್ಲಿ ಚಾಮರಾಜನಗರ–ಸತ್ಯಮಂಗಲ ಕಡೆ ಅಧ್ಯಯನ ಮಾಡಿ ತೋರಿಸಿದರು. ಹೆಚ್ಚು ಅಪಾಯಕ್ಕೆ ಕೈಹಾಕುವುದು ಗಂಡಾನೆ ಎಂಬುದನ್ನೂ ತೋರಿಸಿದರು. ಮೈ ಬೆಳೆಸಿಕೊಂಡ ಸಲಗಕ್ಕೇ ಮದ, ಅದಕ್ಕೇ ಸಂತಾನ; ಆದುದರಿಂದ ಒಂದು ರಾತ್ರಿಯ ಗದ್ದೆಗಾಗಿ ಅದು ಪಟಾಕಿ ಸದ್ದನ್ನೂ ಸಹಿಸಿಕೊಳ್ಳುತ್ತದೆ. ಒಂಟಿಯಾಗಿ ತಿರುಗುತ್ತಿದ್ದ ಎಳೆ ಸಲಗಗಳು ಊರು ಹೊಲಗಳ ನಡುವೆ ಬದುಕುವುದಕ್ಕಾಗಿ ಗುಂಪು ಕಟ್ಟಿಕೊಳ್ಳುತ್ತಿರುವುದನ್ನು ದಕ್ಷಿಣ ಭಾರತದಲ್ಲಿ ಗಮನಿಸಿ 2019ರಲ್ಲಿ ಪ್ರಕಟಿಸಿದ್ದಾರೆ. ನಮ್ಮ ಕಾಫಿ ತೋಟದಲ್ಲಂತೂ ನೆರಳಿದೆ, ಹಲಸಿದೆ, ಬೇಸಗೆಯಲ್ಲೂ ಬತ್ತದ ಕೆರೆಯಿದೆ. ತೋಟದಲ್ಲೇ ಹುಟ್ಟಿ ತೋಟದಲ್ಲೇ ಬೆಳೆದ ಮರಿಗೆ ಕಾಡು ಯಾವುದು, ತೋಟ ಯಾವುದು?

ಲಾಭ ಯಾರಿಗೆ, ನಷ್ಟ ಯಾರಿಗೆ?

ವ್ಯಾಪಾರಿ ಬಂಧುಗಳಿಗೆ ಲೆಕ್ಕ ಚೆನ್ನಾಗಿ ಗೊತ್ತು. ಒಂದು ಕಡೆ ಜಮಾ, ಇನ್ನೊಂದು ಕಡೆ ಖರ್ಚು. ಈ ವಿಷಯದ ಜಮಾ ಬರೆಯುವ ಖಾತೆಯೇ ಬೇರೆ, ಖರ್ಚು ಬರೆಯುವ ಖಾತೆಯೇ ಬೇರೆ ಆಗಿದೆ.

ಅಣೆಕಟ್ಟಿನ ನೀರು ದೂರದ ನಾಲೆಗೆ ಹೋಗುತ್ತದೆ. ಕಾಡಿನ ತಂಪು, ಮಳೆ, ಹೊಳೆ ನಾಡಿಗೆಲ್ಲ ಹಂಚಿಹೋಗುತ್ತವೆ. ಆನೆ ನೋಡಲು ಬಂದವರ ಹಣ ರೆಸಾರ್ಟಿಗೆ ಹೋಗುತ್ತದೆ. ಖರ್ಚಿನ ಕಲಮು ಮಾತ್ರ ಬಡವರ ಹೆಸರಿನಲ್ಲಿದೆ. ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಐನೂರು ಮಂದಿ ಪ್ರತಿವರ್ಷ ಆನೆಯಿಂದ ಸಾಯುತ್ತಿದ್ದಾರೆ. ಯಾರು ಅವರು? ನಸುಕಿನಲ್ಲಿ ಕೆಲಸಕ್ಕೆ ಹೊರಟ ತೋಟದಾಳು, ಬಯಲಿಗೆ ಹೋದ ಮುದುಕಿ, ರಾತ್ರಿ ಹೊಲ ಕಾಯುವ ರೈತ, ಸಂತೆ ಮುಗಿಸಿ ಬರುವ ವ್ಯಾಪಾರಿ. ಜೀಪಿನಲ್ಲಿ ಓಡಾಡುವವನಿಗೆ ಆನೆ ಒಂದು ನೋಟ. ನಡೆದು ಹೋಗುವವನಿಗೆ ಅದು ಸಾವು.

ನಾವು ಮಲೆನಾಡಿನ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ಕೆಲವು ದಿನ ಮೊದಲ ಗಂಟೆಗೆ ಅರ್ಧ ತರಗತಿ ಖಾಲಿ ಇರುತ್ತಿತ್ತು. ಮಕ್ಕಳು ಹತ್ತೂವರೆಗೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ದಾರೀಲಿ ಆನೆ ಇತ್ತು ಸಾ" ಎನ್ನುತ್ತಿದ್ದರು. ಮಳೆಗಾಲದ ಒಂದೆರಡು ತಿಂಗಳು ಹೀಗಾದರೆ ಆ ಮಗು ಲೆಕ್ಕದಲ್ಲಿ ಹಿಂದೆ ಬೀಳುತ್ತದೆ. ಎರಡು ವರ್ಷ ಹೀಗಾದರೆ ಶಾಲೆ ಬಿಡುತ್ತದೆ. ಈ ನಷ್ಟಕ್ಕೆ ಯಾವ ಅರ್ಜಿ ನಮೂನೆಯೂ ಇಲ್ಲ.

ನಮೂನೆ ಇರುವ ನಷ್ಟದ ಗತಿಯನ್ನೂ ನೋಡೋಣ. ಪ್ರಾಣಹಾನಿಗೆ ಕೊಡುವ ಹಣವನ್ನು ಸರ್ಕಾರ 2022ರ ಡಿಸೆಂಬರಿನಲ್ಲಿ ಏಳೂವರೆ ಲಕ್ಷದಿಂದ ಹದಿನೈದು ಲಕ್ಷಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಬೆಳೆ ಹಾನಿಗೆ ಪಹಣಿ ಕೇಳುತ್ತಾರೆ. ಗುತ್ತಿಗೆಗೆ ಉಳುವವನ ಹೆಸರು ಪಹಣಿಯಲ್ಲಿಲ್ಲ. ಬೀಜ ಗೊಬ್ಬರ ಹಾಕಿದವನು ಒಬ್ಬ, ಪರಿಹಾರಕ್ಕೆ ಹಕ್ಕುಳ್ಳವನು ಇನ್ನೊಬ್ಬ. ಜಂಟಿ ಖಾತೆಯ ಜಮೀನಾದರೆ ಅಣ್ಣತಮ್ಮಂದಿರೆಲ್ಲ ಸಹಿ ಹಾಕಬೇಕು. ನಾಲ್ಕು ದಿನ ತಾಲ್ಲೂಕು ಕಚೇರಿಗೆ ತಿರುಗಿದರೆ ನಾಲ್ಕು ದಿನದ ಕೂಲಿ ಹೋಯಿತು. ಬರುವ ಹಣಕ್ಕಿಂತ ತಿರುಗಾಟದ ಖರ್ಚೇ ಹೆಚ್ಚೆಂದು ಎಷ್ಟೋ ಮಂದಿ ಅರ್ಜಿಯನ್ನೇ ಹಾಕುವುದಿಲ್ಲ. ಅರ್ಜಿ ಇಲ್ಲದ ನಷ್ಟ ಸರ್ಕಾರದ ಲೆಕ್ಕದಲ್ಲಿ ನಷ್ಟವೇ ಅಲ್ಲ.

ಸಿಟ್ಟು ಹುಟ್ಟುವುದು ಇಲ್ಲಿ. ಸಿಟ್ಟು ಬಂದ ಕೈ ಏನು ಮಾಡುತ್ತದೆ? 2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ದೇಹಕ್ಕೆ ವಿಷ ಹಾಕಿದ್ದರು. ಹಾಕಿದವರ ಮೇಲೆ ಮೊಕದ್ದಮೆಯಾಯಿತು. ಆದರೆ ಅದೇ ದಿನಗಳಲ್ಲಿ, ಆ ಕಾಡು ಕಾಯುವ ಗುತ್ತಿಗೆ ನೌಕರರಿಗೆ ಮೂರು ತಿಂಗಳಿಂದ ಸಂಬಳವಾಗಿಲ್ಲವೆಂಬ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿತು. ಕಾಯುವವನ ಒಲೆ ಉರಿಯದಿದ್ದರೆ ಕಾಡನ್ನು ಕಾಯುವವರು ಯಾರು?

ತಗ್ಗಿಸುವ ದಾರಿ

ಜಗಳ ಪೂರ್ತಿ ನಿಂತುಹೋಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ತಗ್ಗಿಸಬಹುದು, ತಗ್ಗಿಸಿದವರಿದ್ದಾರೆ.

ತಮಿಳುನಾಡಿನ ಆನೆಮಲೆಯಲ್ಲಿ ವಾಲ್ಪಾರೆ ಎಂಬ ತೋಟಗಳ ಸೀಮೆಯಿದೆ. ಚಹಾ, ಕಾಫಿ, ಲೈನ್ ಮನೆ, ಸುತ್ತ ಕಾಡು: ನಮ್ಮ ಸಕಲೇಶಪುರದ್ದೇ ಸ್ಥಿತಿ. ಅಲ್ಲಿ ಆನೆಯಿಂದ ಸತ್ತವರ ವಿಚಾರಣೆ ಮಾಡಿದಾಗ ಒಂದು ಸಂಗತಿ ಹೊರಬಿತ್ತು. ಸತ್ತವರಲ್ಲಿ ಬಹುಪಾಲು ಜನರಿಗೆ ಹತ್ತಿರದಲ್ಲೇ ಆನೆ ಇದೆಯೆಂಬುದೇ ಗೊತ್ತಿರಲಿಲ್ಲ. ಕತ್ತಲಲ್ಲಿ, ತಿರುವಿನಲ್ಲಿ, ಒಮ್ಮೆಲೇ ಎದುರಾದದ್ದು. ಹಾಗಿದ್ದ ಮೇಲೆ ಮದ್ದು ಯಾವುದು? ಆನೆ ಎಲ್ಲಿದೆ ಎಂದು ಸಂಜೆಯೇ ತಿಳಿಸುವುದು. ವಿಜ್ಞಾನಿಗಳೂ ಅರಣ್ಯ ಇಲಾಖೆಯವರೂ ಜನರೂ ಸೇರಿ ಅದನ್ನೇ ಮಾಡಿದರು. ಟಿ.ವಿ.ಯ ಅಡಿಯಲ್ಲಿ ಸುದ್ದಿ ಓಡಿಸಿದರು, ಮೊಬೈಲಿಗೆ ಸಂದೇಶ ಕಳುಹಿಸಿದರು, ಎತ್ತರದ ಕಂಬಗಳ ಮೇಲೆ ಕೆಂಪು ದೀಪ ಹಾಕಿದರು. ಆನೆ ಬಂದರೆ ಊರಿನವರೇ ಫೋನ್ ಮಾಡಿ ದೀಪ ಹತ್ತಿಸುತ್ತಾರೆ. ದೀಪ ಉರಿದರೆ ಜನ ದಾರಿ ಬದಲಿಸುತ್ತಾರೆ. ಸಾವುಗಳು ಕಡಿಮೆಯಾದವು. ಆನೆಯನ್ನು ಹಿಡಿಯಲಿಲ್ಲ, ಓಡಿಸಲಿಲ್ಲ, ಸುದ್ದಿ ಮುಟ್ಟಿಸಿದರು.

ಅದೇ ಕ್ರಮ ಸಕಲೇಶಪುರ, ಆಲೂರು ಕಡೆಗೂ ಬಂದಿದೆ. ಕೆಲವು ಆನೆಗಳ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿದ್ದಾರೆ. ಫೋನಿಗೆ ಸಂದೇಶ ಬರುತ್ತದೆ. ರಸ್ತೆ ಬದಿಯಲ್ಲಿ ಬೆಳಕಿನ ಫಲಕಗಳಿವೆ. ಆದರೆ ಸಂದೇಶ ಯಾರಿಗೆ ಮುಟ್ಟುತ್ತಿದೆ? ಫೋನು ಗಂಡನ ಜೇಬಿನಲ್ಲಿದ್ದರೆ ಕಾಫಿ ಕೊಯ್ಯುವ ಹೆಂಡತಿಗೆ ಸುದ್ದಿ ಇಲ್ಲ. ಅಸ್ಸಾಮಿನಿಂದ ಬಂದ ಆಳಿಗೆ ಕನ್ನಡ ಓದಲು ಬಾರದು. ಸಂದೇಶ ಬಂದರೂ, "ಆನೆ ಗೀನೆ ಅಂತ ಕೂತರೆ ಹಾಜರಿ ಇಲ್ಲ" ಎಂದು ರೈಟರು ಗದರಿಸಿದರೆ ಸಂದೇಶಕ್ಕೆ ಏನು ಬೆಲೆ?

ಗಿರಣಿಯ ಮಿತ್ರರು ಈ ಮಾತನ್ನು ಬೇಗ ತಿಳಿಯುತ್ತಾರೆ. ತಿರುಗುವ ಬೆಲ್ಟಿಗೆ ರಕ್ಷಣೆಯ ಜಾಲರಿ ಇರಬೇಕು. ಇಲ್ಲದೆ ಕೈ ಸಿಕ್ಕಿದರೆ ಮಾಲೀಕ ಹೊಣೆ. ಕೆಲಸದಲ್ಲಿ ಕೈಕಾಲು ಕಳೆದುಕೊಂಡವನಿಗೆ ಮಾಲೀಕನೇ ಪರಿಹಾರ ಕೊಡಬೇಕೆಂಬ ಕಾಯಿದೆ 1923ರಲ್ಲೇ ಬಂದಿತ್ತು. ತೋಟದಲ್ಲಿ ಆನೆ ಇದೆಯೆಂದು ತಿಳಿದೂ ಆಳನ್ನು ಒಳಗೆ ಕಳುಹಿಸುವುದು, ಜಾಲರಿಯಿಲ್ಲದ ಬೆಲ್ಟಿನ ಮುಂದೆ ನಿಲ್ಲಿಸುವುದಕ್ಕಿಂತ ಬೇರೆ ಹೇಗೆ? ಆನೆ ಇರುವ ದಿನ ಬೆಳಕು ಹರಿದು ಕಾವಲುಗಾರ ನೋಡಿ ಬರುವತನಕ ಕೆಲಸ ಶುರುವಾಗಬಾರದು. ಕಾದ ಹೊತ್ತಿನ ಕೂಲಿ ಕಡಿಯಬಾರದು. ಆಳನ್ನು ವಾಹನದಲ್ಲಿ ಕರೆದೊಯ್ಯಬೇಕು. ಲೈನ್ ಮನೆಗೆ ಕಕ್ಕಸು, ನಲ್ಲಿ, ದೀಪ ಇದ್ದರೆ ಕತ್ತಲಲ್ಲಿ ಹೊರಗೆ ಹೋಗುವ ಅಗತ್ಯವೇ ತಪ್ಪುತ್ತದೆ. 1951ರ ತೋಟ ಕಾರ್ಮಿಕ ಕಾಯಿದೆ ಮನೆ, ನೀರು, ಕಕ್ಕಸಿನ ಹೊಣೆಯನ್ನು ಮಾಲೀಕನ ಮೇಲೆ ಹಾಕಿತ್ತು. ಕಾಯಿದೆಯ ಹೆಸರು ಬದಲಾಗಬಹುದು, ಹೊಣೆ ಬದಲಾಗಬಾರದು.

ಬೇಲಿಯ ಮಾತು

ಜನರು ಮೊದಲು ಕೇಳುವುದು ಬೇಲಿ. ಕಂದಕ ತೋಡಿದರೆ ಮಲೆನಾಡಿನ ಮಳೆಗೆ ಎರಡು ವರ್ಷದಲ್ಲಿ ದಡ ಕುಸಿಯುತ್ತದೆ. ಕುಸಿದ ಕಡೆ ಆನೆ ಇಳಿದು ಹತ್ತುತ್ತದೆ. ಹಳೆಯ ರೈಲು ಕಂಬಿಯ ಬೇಲಿ ಗಟ್ಟಿ. ಆದರೆ ಒಂದು ಕಿಲೋಮೀಟರಿಗೆ ಕೋಟಿ ರೂಪಾಯಿಗೂ ಮೇಲೆ ಖರ್ಚು. ನಡುವೆ ಒಂದು ಹರದಾರಿ ಬಿಟ್ಟುಹೋದರೆ ಸುತ್ತಲಿನ ಆನೆಯೆಲ್ಲ ಆ ಸಂದಿಯಲ್ಲೇ ಬರುತ್ತದೆ. ಬೇಲಿ ಸಿಕ್ಕ ಊರು ಬದುಕಿತು, ಸಿಗದ ಊರು ಕೆಟ್ಟಿತು. ದಾಟಲು ಹೋಗಿ ಕಂಬಿಗಳ ನಡುವೆ ಸಿಕ್ಕಿಕೊಂಡು 2018ರ ಡಿಸೆಂಬರಿನಲ್ಲಿ ನಾಗರಹೊಳೆಯ ಅಂಚಿನಲ್ಲಿ ಒಂದು ಆನೆ ಸತ್ತದ್ದೂ ಉಂಟು. ಆದುದರಿಂದ ಕಂಬಿ ಬೇಲಿಯನ್ನು ಒತ್ತಡ ತಂದವರ ಊರಿಗೆ ತುಂಡು ತುಂಡಾಗಿ ಹಾಕಬಾರದು. ಆನೆಯ ದಾರಿ ನೋಡಿ, ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಎಂದು ಒಟ್ಟಾಗಿ ತೀರ್ಮಾನಿಸಿ ಹಾಕಬೇಕು.

ಸೋಲಾರ್ ಬೇಲಿ ಅಗ್ಗ. ಅದರ ಪೆಟ್ಟು ಜುಮ್ಮೆನ್ನಿಸುತ್ತದೆ, ಕೊಲ್ಲುವುದಿಲ್ಲ. ಆದರೆ ತಂತಿಗೆ ಬಳ್ಳಿ ಹಬ್ಬಿದರೆ, ಬ್ಯಾಟರಿ ಇಳಿದರೆ ಅದು ಬರಿಯ ತಂತಿ. ಊರಿನವರು ಸರದಿಯ ಮೇಲೆ ನೋಡಿಕೊಂಡ ಕಡೆ ಅದು ನಿಂತಿದೆ. ಕಂಟ್ರಾಕ್ಟರು ಹಾಕಿ ಬಿಲ್ಲು ಪಡೆದು ಹೋದ ಕಡೆ ಬಿದ್ದಿದೆ.

ಒಂದು ಮಾತನ್ನು ಕಟ್ಟುನಿಟ್ಟಾಗಿ ಹೇಳಬೇಕು. ಮನೆಯ ಲೈನಿನಿಂದ ಹೊಲದ ತಂತಿಗೆ ನೇರ ಕರೆಂಟು ಕೊಡುವ ಅಭ್ಯಾಸ ಕೆಲವು ಕಡೆ ಇದೆ. ಹಂದಿಗೆಂದು ಕೊಟ್ಟ ಕರೆಂಟಿಗೆ ಆನೆ ಸಾಯುತ್ತದೆ, ದನ ಸಾಯುತ್ತದೆ, ಬೆಳಿಗ್ಗೆ ನೀರು ಕಟ್ಟಲು ಹೋದ ಪಕ್ಕದ ಹೊಲದವನೂ ಸಾಯುತ್ತಾನೆ. ಕೊಂದವನು ಜೈಲಿಗೆ, ಸತ್ತವನ ಮನೆ ಬೀದಿಗೆ. ಹಾರ್ಡ್‌ವೇರ್ ಅಂಗಡಿಯವರು ತಂತಿ ಮಾರುವಾಗ ಈ ಮಾತನ್ನು ಗಿರಾಕಿಗೆ ಹೇಳಬಾರದೆ?

ಬೇಲಿಯಷ್ಟೇ ಮುಖ್ಯವಾದದ್ದು ದಾರಿ. ಚಾಮರಾಜನಗರ ಜಿಲ್ಲೆಯ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಎಂಬಲ್ಲಿ ಎರಡು ಕಾಡುಗಳ ನಡುವಣ ಕಿರಿದಾದ ಪಟ್ಟಿಯಲ್ಲಿ ಖಾಸಗಿ ಜಮೀನಿತ್ತು. ಒಂದು ವನ್ಯಜೀವಿ ಸಂಸ್ಥೆ ಸುಮಾರು 25 ಎಕರೆಯನ್ನು ಹಣ ಕೊಟ್ಟು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. 25 ಎಕರೆ ಎಂದರೆ ಎಷ್ಟು? ಒಂದು ರೆಸಾರ್ಟಿನ ಆವರಣದಷ್ಟು. ಅಷ್ಟರಿಂದ ಆನೆಯ ಹಳೆಯ ದಾರಿಯೊಂದು ಉಳಿಯಿತು. ಒತ್ತಾಯವಿಲ್ಲದೆ, ಸರಿಯಾದ ಬೆಲೆ ಕೊಟ್ಟು ಹೀಗೆ ಮಾಡಲು ಸರ್ಕಾರಕ್ಕೆ ಸಾಧ್ಯವಿಲ್ಲವೆ? ಬಂಡೀಪುರದ ಹೆದ್ದಾರಿಯಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ತಡೆದಾಗ ವ್ಯಾಪಾರವೇ ಮುಳುಗುತ್ತದೆಂದು ಗದ್ದಲವೆದ್ದಿತು. ವ್ಯಾಪಾರ ನಡೆದುಕೊಂಡೇ ಬಂದಿದೆ.

ಆನೆಯಲ್ಲದವು

ಪ್ರಾಣಿ ಬೇರೆಯಾದರೂ ಕಾರಣದ ಬೇರು ಒಂದೇ. ಬಳ್ಳಾರಿ, ಕೊಪ್ಪಳ ಕಡೆ ಕಲ್ಲುಗಣಿಗೆ ಗುಡ್ಡ ಸಿಡಿಸಿದರೆ ಗುಹೆ ಕಳೆದುಕೊಂಡ ಕರಡಿ ಶೇಂಗಾ ಹೊಲಕ್ಕೆ ಬರುತ್ತದೆ. ಕಬ್ಬಿನ ಸೀಮೆಯಲ್ಲಿ ಚಿರತೆ ಕಬ್ಬಿನಲ್ಲೇ ಮರಿ ಹಾಕುತ್ತದೆ. ಮಹಾರಾಷ್ಟ್ರದ ಜುನ್ನರ್ ಕಡೆ ಚಿರತೆಗಳನ್ನು ಹಿಡಿದು ಬೇರೆ ಬೇರೆ ಕಾಡಿಗೆ ಬಿಟ್ಟರು. ಬಿಟ್ಟ ಕಡೆ ಮನುಷ್ಯರ ಮೇಲಿನ ದಾಳಿ ಕಡಿಮೆಯಾಗುವ ಬದಲು ಹೆಚ್ಚಿತು. ಅದೇ ರಾಜ್ಯದ ಅಕೋಲೆ ಎಂಬಲ್ಲಿ ಚಿರತೆ ಏನು ತಿನ್ನುತ್ತದೆಂದು ಪರೀಕ್ಷಿಸಿದಾಗ ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಬೀದಿನಾಯಿ. ಬೀದಿನಾಯಿಯನ್ನು ಸಾಕುವುದು ಯಾವುದು? ಊರ ಅಂಚಿಗೆ ನಾವು ಸುರಿಯುವ ಮಾಂಸದಂಗಡಿಯ, ಹೋಟೆಲಿನ ಕಸ. ಚಿರತೆಯನ್ನು ಬೈಯುವ ಮೊದಲು ಪೇಟೆಯವರು ಕಸದ ಗಾಡಿ ಎಲ್ಲಿಗೆ ಹೋಗುತ್ತದೆಂದು ನೋಡಬೇಕು.

ನಾವು ಕೇಳಬೇಕಾದದ್ದು, ಮಾಡಬೇಕಾದದ್ದು

ಮಿತ್ರರೇ, ಇಷ್ಟು ಹೊತ್ತು ಹೇಳಿದ್ದನ್ನು ಕೆಲವು ಮಾತಿನಲ್ಲಿ ಕೂಡಿಸುತ್ತೇವೆ. ಸರ್ಕಾರದಿಂದ ನಾವು ಕೇಳಬೇಕಾದದ್ದು ಇವು:

ಆನೆಯ ಸುದ್ದಿ ಕನ್ನಡದಲ್ಲೂ ಹೊರಗಿನಿಂದ ಬಂದ ಆಳುಗಳ ಭಾಷೆಯಲ್ಲೂ, ಓದಲು ಬಾರದವರಿಗೆ ಕಿವಿಯಲ್ಲೂ ಮುಟ್ಟಬೇಕು. ಪ್ರತಿ ಲೈನಿಗೂ ಒಬ್ಬ ಹೆಣ್ಣುಮಗಳ ಫೋನ್ ಸಂಖ್ಯೆ ಆ ಪಟ್ಟಿಯಲ್ಲಿರಬೇಕು.

ಆನೆ ಇದೆಯೆಂಬ ಎಚ್ಚರಿಕೆ ಬಂದ ಮೇಲೂ ಕೆಲಸಕ್ಕೆ ಕಳುಹಿಸಿ ಸಾವಾದರೆ, ಸರ್ಕಾರದ ಪರಿಹಾರದ ಜೊತೆಗೆ ತೋಟದ ಮಾಲೀಕನೂ ಕೊಡಬೇಕು.

ಬೆಳೆ ಹಾನಿಯ ಹಣ ಉಳುವವನ ಕೈಗೆ ಸೇರಬೇಕು. ಪಂಚಾಯಿತಿಯ ಮಹಜರು, ನೆರೆಹೊರೆಯವರ ಸಾಕ್ಷಿ ಇದ್ದರೆ ಪಹಣಿ ಇಲ್ಲವೆಂದು ತಳ್ಳಬಾರದು. ಮುಂದಿನ ಬಿತ್ತನೆಯೊಳಗೆ ಹಣ ಬಾರದಿದ್ದರೆ ಬಡ್ಡಿ ಸೇರಿಸಿ ಕೊಡಬೇಕು.

ಕಾಡು ಕಾಯುವ ಗುತ್ತಿಗೆ ನೌಕರರಿಗೆ ತಿಂಗಳು ತಿಂಗಳು ಸಂಬಳ, ವಿಮೆ, ಬೆಳಕಿನ ಸಲಕರಣೆ ಕೊಡಬೇಕು.

ಹೊಸ ರಸ್ತೆ, ಕಾಲುವೆ, ರೆಸಾರ್ಟಿಗೆ ಅನುಮತಿ ಕೊಡುವ ಮೊದಲು ಆನೆಯ ದಾರಿಯ ನಕ್ಷೆಯನ್ನು ಗ್ರಾಮಸಭೆಯ ಮುಂದಿಡಬೇಕು. ದಾರಿ ಕೆಡಿಸುವವನು ಅದರ ನಷ್ಟವನ್ನೂ ತೆರಬೇಕು.

ಇನ್ನು ನಾವೇ ಮಾಡಬಹುದಾದ ಕೆಲಸ. ಸಂತೆಯ ವ್ಯಾಪಾರಿಗಳು ಮಲೆನಾಡಿನ ಸಂತೆಗಳನ್ನು ನಾಲ್ಕು ಗಂಟೆಗೆ ಮುಗಿಸುವ ನಿಯಮ ಮಾಡಿಕೊಂಡರೆ, ಕೊಳ್ಳಲು ಬಂದ ಜನ ಬೆಳಕಿರುವಾಗಲೇ ಮನೆ ಸೇರುತ್ತಾರೆ. ಬೆಳೆ ಹಾನಿಯಾದ ಗಿರಾಕಿಯ ಉದ್ರಿಗೆ ಒಂದು ಸುಗ್ಗಿಯ ಕಾಲಾವಕಾಶ ಕೊಡಬಹುದು. ಗಿರಣಿಯಲ್ಲಿ ಓದು ಬರಹ ಬಲ್ಲ ಯುವಕರು ತಿಂಗಳಿಗೊಂದು ಭಾನುವಾರ ಊರಿಗೆ ಹೋದಾಗ, ನಷ್ಟವಾದವರ ಅರ್ಜಿಗಳನ್ನು ಬರೆದುಕೊಡಬಹುದು. ಬಂಡೀಪುರ, ನಾಗರಹೊಳೆಯ ಸುತ್ತಲ ಹಳ್ಳಿಗಳಲ್ಲಿ ಫೋನ್ ಮಾಡಿದರೆ ಮನೆಗೇ ಬಂದು ಅರ್ಜಿ ತುಂಬಿಸಿಕೊಡುವ ವ್ಯವಸ್ಥೆಯನ್ನು ಒಂದು ಸಂಸ್ಥೆ 2015ರಿಂದ ನಡೆಸುತ್ತಿದೆ. ನಮ್ಮ ಸಂಘಕ್ಕೆ ಅಷ್ಟು ಹಣವಿಲ್ಲ, ಪೆನ್ನು ಕಾಗದ ಇದೆ. ಮಳೆಗಾಲಕ್ಕೆ ಮುಂಚೆ ಮನೆಯ ಪಕ್ಕದ ಹಲಸನ್ನು ಎಳೆಯದಿರುವಾಗಲೇ ಕಿತ್ತು ಪೇಟೆಗೆ ತಂದರೆ ಕೊಳ್ಳುವವರು ಇಲ್ಲಿದ್ದಾರೆ; ಹಣ್ಣಾಗಿ ವಾಸನೆ ಬಿಟ್ಟರೆ ಕೊಳ್ಳುವುದು ಆನೆ.

ಆನೆಗೆ ಓಟಿಲ್ಲ, ಅರ್ಜಿಯಿಲ್ಲ, ಸಂಘವಿಲ್ಲ. ಲೈನ್ ಮನೆಯ ಆಳಿಗೆ ಓಟಿದೆ, ಆದರೆ ಅವನ ಮಾತು ಕೇಳುವವರಿಲ್ಲ. ಇವೆರಡನ್ನೂ ಕತ್ತಲಲ್ಲಿ ಎದುರುಬದುರು ನಿಲ್ಲಿಸಿ, ಯಾರು ಸತ್ತರೆಂದು ಬೆಳಿಗ್ಗೆ ಎಣಿಸುವ ಏರ್ಪಾಡು ಇಂದು ನಡೆಯುತ್ತಿದೆ. ಇದು ದೇವರು ಮಾಡಿದ್ದಲ್ಲ, ಆನೆ ಮಾಡಿದ್ದೂ ಅಲ್ಲ. ಮನುಷ್ಯರು ಮಾಡಿದ ಏರ್ಪಾಡನ್ನು ಮನುಷ್ಯರೇ ಬದಲಿಸಬಹುದು. ಮುಂದಿನ ಭಾನುವಾರದೊಳಗೆ ನಿಮ್ಮ ನಿಮ್ಮ ಊರಿನಲ್ಲಿ ಅರ್ಜಿ ಹಾಕದೆ ಉಳಿದ ನಷ್ಟಗಳ ಪಟ್ಟಿ ಮಾಡಿ ತನ್ನಿ. ಊರ ಹೆಸರು, ಬೆಳೆ, ಎಕರೆ, ದಿನಾಂಕ ಇಷ್ಟು ಸಾಕು. ಅಲ್ಲಿಂದ ಕೆಲಸ ಶುರುಮಾಡೋಣ.